ಕ್ಯಾಮೆರಾ ಕಡಿಮೆ, ಲಾಭ ಹೆಚ್ಚು: ನಿಕಾನ್‌ನ ವರ್ಷದ ಲೆಕ್ಕ ಓದುವ ಬಗೆ

2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಜಪಾನಿನ ನಿಕಾನ್ ಕಂಪನಿಯ ಕ್ಯಾಮೆರಾ ವಿಭಾಗ ಗಳಿಸಿದ ಲಾಭ 4,650 ಕೋಟಿ ಯೆನ್. ಅದೇ ವರ್ಷ ಇಡೀ ಕಂಪನಿಯ ಲಾಭ 3,980 ಕೋಟಿ ಯೆನ್. ಒಂದು ವಿಭಾಗದ ಗಳಿಕೆ ಇಡೀ ಕಂಪನಿಯ ಗಳಿಕೆಗಿಂತ ದೊಡ್ಡದು! ಕೂಡು ಕುಟುಂಬದಲ್ಲಿ ಬೆಳೆದವರಿಗೆ ಈ ಲೆಕ್ಕ ಬೇಗ ಹೊಳೆಯುತ್ತದೆ. ಹಿರಿಯ ಮಗ ದುಡಿದು ತಂದದ್ದರಲ್ಲಿ ಒಂದು ಪಾಲು ತಮ್ಮನ ಹೊಸ ಅಂಗಡಿಯ ಬಂಡವಾಳಕ್ಕೂ ಮನೆಯ ಒಟ್ಟು ಖರ್ಚಿಗೂ ಹೋಗಿ, ವರ್ಷದ ಕೊನೆಗೆ ಮನೆಯಲ್ಲಿ ಉಳಿದದ್ದು ಅವನೊಬ್ಬನ ಸಂಪಾದನೆಗಿಂತ ಕಡಿಮೆಯಾದ ಹಾಗೆ.

ಇನ್ನೂ ಅಚ್ಚರಿಯ ಮಾತೆಂದರೆ, ಅದಕ್ಕೆ ಕೇವಲ ಮೂರು ವರ್ಷ ಹಿಂದೆ ಇದೇ ಹಿರಿಯ ಮಗ, ಅಂದರೆ ಕ್ಯಾಮೆರಾ ವಿಭಾಗ, 3,570 ಕೋಟಿ ಯೆನ್ ನಷ್ಟ ಮಾಡಿಕೊಂಡು ಕೂತಿದ್ದ. ನಿಕಾನ್ ಇನ್ನು ಕ್ಯಾಮೆರಾ ಬಿಟ್ಟೇಬಿಡುತ್ತದೆ ಎಂದು ಛಾಯಾಗ್ರಾಹಕರೇ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ಆ ಮೂರು ವರ್ಷಗಳಲ್ಲಿ ಮಾರಾಟವಾದ ಕ್ಯಾಮೆರಾಗಳ ಸಂಖ್ಯೆ ಹೆಚ್ಚಲಿಲ್ಲ. ಸ್ವಲ್ಪ ಕಡಿಮೆಯೇ ಆಯಿತು. ಹಾಗಾದರೆ ದುಡ್ಡು ಬಂದದ್ದೆಲ್ಲಿಂದ? ನನ್ನ ಬಳಿ ಇರುವ ಹಳೆಯ ನಿಕಾನ್ ಡಿ90 ಕ್ಯಾಮೆರಾ ಇವತ್ತಿಗೂ ಕೆಲಸ ಮಾಡುತ್ತಿದೆ. ಅದನ್ನು ತಯಾರಿಸಿದವರ ಲೆಕ್ಕದ ಪುಸ್ತಕ ಬಿಡಿಸಿ ನೋಡುವ ಆಸೆ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ.

ಮೊದಲು ಅಳತೆಗಳು. ನಿಕಾನ್ ತನ್ನ ಲೆಕ್ಕವನ್ನು ನೂರು ಕೋಟಿಗಳ ಅಂದಾಜಿನಲ್ಲಿ, ಯೆನ್‌ನಲ್ಲಿ ಹೇಳುತ್ತದೆ. ನಮಗೆ ಅನುಕೂಲವಾಗಲೆಂದು ಇಲ್ಲಿ ಎಲ್ಲವನ್ನೂ ಕೋಟಿ ಯೆನ್‌ಗಳಲ್ಲಿ ಬರೆದಿದ್ದೇನೆ. 2023-24ರ ಹೊತ್ತಿಗೆ ಒಂದು ಯೆನ್‌ಗೆ ಹೆಚ್ಚುಕಡಿಮೆ 57 ಪೈಸೆ ಇತ್ತು. ಅಂದರೆ ಆ ವರ್ಷದ ಒಟ್ಟು ವಹಿವಾಟು 71,720 ಕೋಟಿ ಯೆನ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 41,000 ಕೋಟಿ ರೂಪಾಯಿ. ಜಪಾನಿನ ಹೆಚ್ಚಿನ ಕಂಪನಿಗಳ ಹಣಕಾಸು ವರ್ಷ ನಮ್ಮ ಹಾಗೆಯೇ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಹಾಗಾಗಿ ಅಲ್ಲಿ ಗೊಂದಲವಿಲ್ಲ.

ಲಾಭ ಎಂಬ ಪದಕ್ಕೆ ಮಾತ್ರ ಒಂದಕ್ಕಿಂತ ಹೆಚ್ಚು ಅರ್ಥವಿದೆ. ತುಮಕೂರಿನಲ್ಲೊಂದು ಮದುವೆ ಫೋಟೊ ಸ್ಟುಡಿಯೊ ಇದೆ ಎಂದುಕೊಳ್ಳಿ. ವರ್ಷವಿಡೀ ಗಿರಾಕಿಗಳಿಗೆ ಹಾಕಿದ ಬಿಲ್‌ಗಳ ಮೊತ್ತ 20 ಲಕ್ಷ ರೂಪಾಯಿ. ಇದು ವಹಿವಾಟು, ಅಥವಾ ಆದಾಯ. ಹುಡುಗರ ಸಂಬಳ, ಅಂಗಡಿ ಬಾಡಿಗೆ, ಆಲ್ಬಂ ಮುದ್ರಣ, ಕರೆಂಟ್ ಬಿಲ್, ಕ್ಯಾಮೆರಾದ ಸವಕಳಿ ಎಲ್ಲ ಕಳೆದು ಉಳಿದದ್ದು ಕಾರ್ಯಾಚರಣೆಯ ಲಾಭ. ಕಸುಬು ನಡೆಸಿ ಬಂದ ಗಳಿಕೆ ಇದು. ಆಮೇಲೆ ಬ್ಯಾಂಕಿನ ಬಡ್ಡಿ, ಠೇವಣಿಯಿಂದ ಬಂದ ಬಡ್ಡಿ, ತೆರಿಗೆ ಎಲ್ಲ ಕೂಡಿ ಕಳೆದರೆ ಸಿಗುವುದು ನಿವ್ವಳ ಲಾಭ. ಲೇಖನದ ಮೊದಲ ಸಾಲುಗಳಲ್ಲಿ ನಾನು ಹೇಳಿದ ಎರಡೂ ಅಂಕಿ ಕಾರ್ಯಾಚರಣೆಯ ಲಾಭದವು. ಆ ವರ್ಷ ನಿಕಾನ್‌ನ ನಿವ್ವಳ ಲಾಭ 3,260 ಕೋಟಿ ಯೆನ್. ಪತ್ರಿಕೆಗಳ ತಲೆಬರಹದಲ್ಲಿ ಕೆಲವೊಮ್ಮೆ ಇದು, ಕೆಲವೊಮ್ಮೆ ಅದು ಬರುತ್ತದೆ. ಯಾವ ಲಾಭ ಎಂದು ಕೇಳಿಕೊಳ್ಳದೆ ಎರಡು ವರ್ಷಗಳನ್ನು ಹೋಲಿಸಲು ಹೊರಟರೆ ದಾರಿ ತಪ್ಪುತ್ತದೆ. ಈ ಸ್ಟುಡಿಯೊವನ್ನು ನೆನಪಿನಲ್ಲಿಡಿ, ಮತ್ತೆ ಅಲ್ಲಿಗೆ ಬರಬೇಕಿದೆ.

ನಿಕಾನ್ ಹುಟ್ಟಿದ್ದು 1917ರ ಜುಲೈನಲ್ಲಿ, ನಿಪ್ಪಾನ್ ಕೊಗಾಕು ಎಂಬ ಹೆಸರಿನಲ್ಲಿ. ಮಿತ್ಸುಬಿಷಿ ಮನೆತನದ ಬಂಡವಾಳ, ಗಾಜು ಮತ್ತು ಮಸೂರ ಬಲ್ಲ ಸಣ್ಣ ಕಂಪನಿಗಳ ಕೈಚಳಕ ಸೇರಿ ಆದದ್ದು. ಅದರ ಮೊದಲ ಕ್ಯಾಮೆರಾ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ. 1959ರ ನಿಕಾನ್ ಎಫ್ ಜಗತ್ತಿನ ಪತ್ರಿಕಾ ಛಾಯಾಗ್ರಾಹಕರ ಕೊರಳಿಗೆ ಬಿತ್ತು. ಕಂಪನಿ ತನ್ನ ಹೆಸರನ್ನೇ ನಿಕಾನ್ ಎಂದು ಬದಲಿಸಿಕೊಂಡದ್ದು 1988ರಲ್ಲಿ. ಇತಿಹಾಸ ಇಷ್ಟು ಸಾಕು, ಏಕೆಂದರೆ ದುಡ್ಡಿನ ಕತೆ ನಿಜವಾಗಿ ತಿರುವು ಪಡೆಯುವುದು ಡಿಜಿಟಲ್ ಕಾಲದಲ್ಲಿ.

2012-13 ನಿಕಾನ್‌ನ ವಹಿವಾಟು ಒಂದು ಲಕ್ಷ ಕೋಟಿ ಯೆನ್ ದಾಟಿದ ವರ್ಷ. ಅದರಲ್ಲಿ ಕ್ಯಾಮೆರಾ ವಿಭಾಗದ್ದೇ 75,120 ಕೋಟಿ. ಆ ಒಂದು ವರ್ಷದಲ್ಲಿ ಸುಮಾರು 70 ಲಕ್ಷ ಲೆನ್ಸ್ ಬದಲಿಸಬಲ್ಲ ಕ್ಯಾಮೆರಾಗಳನ್ನೂ, ಸುಮಾರು 1 ಕೋಟಿ 70 ಲಕ್ಷ ಜೇಬಿನಲ್ಲಿಟ್ಟುಕೊಳ್ಳುವ ಕಾಂಪ್ಯಾಕ್ಟ್ ಕ್ಯಾಮೆರಾಗಳನ್ನೂ ಮಾರಿತು. ಆಗ ನಮ್ಮೂರುಗಳಲ್ಲೂ ಪ್ರವಾಸಕ್ಕೆ ಹೊರಟವರ ಕೈಯಲ್ಲಿ ನಿಕಾನ್‌ನ ಕೂಲ್‌ಪಿಕ್ಸ್ ಎಂಬ ಕಾಂಪ್ಯಾಕ್ಟ್ ಕ್ಯಾಮೆರಾ ಒಂದು ಇರುತ್ತಿತ್ತು. ಕ್ಯಾಮೆರಾ ವಿಭಾಗದ ಲಾಭ 6,070 ಕೋಟಿ ಯೆನ್, ಅಂದರೆ ಪ್ರತಿ ನೂರು ಯೆನ್ ವಹಿವಾಟಿಗೆ ಎಂಟು ಯೆನ್ ಲಾಭ.

ನೆಲ ಕುಸಿಯುವುದು ಆಗಲೇ ಶುರುವಾಗಿತ್ತು. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಪಾ ತನ್ನ ಸದಸ್ಯ ಕಂಪನಿಗಳು ಜಗತ್ತಿಗೆಲ್ಲ ರವಾನಿಸಿದ ಡಿಜಿಟಲ್ ಕ್ಯಾಮೆರಾಗಳ ಲೆಕ್ಕ ಇಡುತ್ತದೆ. 2010ರಲ್ಲಿ ಆ ಸಂಖ್ಯೆ 12 ಕೋಟಿ 14 ಲಕ್ಷ. 2020ರಲ್ಲಿ 89 ಲಕ್ಷ. ಹತ್ತು ವರ್ಷದಲ್ಲಿ ನೂರರಲ್ಲಿ ತೊಂಬತ್ತಮೂರು ಭಾಗ ಇಲ್ಲವಾಯಿತು. ಕಾರಣ ಎಲ್ಲರಿಗೂ ಗೊತ್ತು, ಎಲ್ಲರ ಜೇಬಿನಲ್ಲೂ ಇದೆ. ಮೊಬೈಲ್ ಮೊದಲು ನುಂಗಿದ್ದು ಕಾಂಪ್ಯಾಕ್ಟ್ ಕ್ಯಾಮೆರಾಗಳನ್ನು. ಆಮೇಲೆ ಮನೆಮಂದಿ ಹಬ್ಬಕ್ಕೆಂದು ಕೊಳ್ಳುತ್ತಿದ್ದ ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳನ್ನೂ, ಅಂದರೆ ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಲ್ಲ ಕ್ಯಾಮೆರಾಗಳನ್ನೂ ಅದು ಬಿಡಲಿಲ್ಲ.

ಮಾರಾಟ ಕುಸಿದರೆ ಲಾಭವೂ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ, ಲಾಭ ಇನ್ನೂ ವೇಗವಾಗಿ ಬೀಳುತ್ತದೆ. ಕಾರ್ಖಾನೆಯ ಕಟ್ಟಡ, ಯಂತ್ರ, ಎಂಜಿನಿಯರುಗಳ ಸಂಬಳ, ಊರೂರಿನ ಸರ್ವಿಸ್ ಸೆಂಟರ್, ಜಾಹೀರಾತು, ಇವೆಲ್ಲ ಹತ್ತು ಕ್ಯಾಮೆರಾ ಮಾರಿದರೂ ನೂರು ಮಾರಿದರೂ ಹೆಚ್ಚು ಬದಲಾಗದ ಖರ್ಚು. ಹೋಟೆಲ್ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ದಿನಕ್ಕೆ ಮುನ್ನೂರು ದೋಸೆ ಹೋದರೆ ಅಸಲು ಹುಟ್ಟುತ್ತದೆ ಎಂದಾದರೆ, ಮುನ್ನೂರಾ ಒಂದನೇ ದೋಸೆಯಿಂದ ಲಾಭ. ಇನ್ನೂರಕ್ಕೆ ಇಳಿದರೆ ಒಲೆ ಹಚ್ಚಿದ್ದೇ ನಷ್ಟ. ನಿಕಾನ್ ಕಟ್ಟಿಕೊಂಡಿದ್ದ ಒಲೆ 2 ಕೋಟಿ 40 ಲಕ್ಷ ಕ್ಯಾಮೆರಾಗಳ ಅಳತೆಯದು. 2017ರಲ್ಲಿ ಚೀನಾದ ವುಶಿ ನಗರದಲ್ಲಿದ್ದ ಕಾರ್ಖಾನೆ ಮುಚ್ಚಿತು. ಆದರೂ ಖರ್ಚು ತಗ್ಗುವ ವೇಗಕ್ಕಿಂತ ಮಾರುಕಟ್ಟೆ ತಗ್ಗುವ ವೇಗ ಹೆಚ್ಚಿತ್ತು. 2019-20ರಲ್ಲಿ ಕ್ಯಾಮೆರಾ ವಿಭಾಗದ ವಹಿವಾಟು 22,580 ಕೋಟಿ ಯೆನ್‌ಗೆ ಇಳಿದು, 1,710 ಕೋಟಿ ನಷ್ಟವಾಯಿತು.

ಅದರ ಮೇಲೆ ಕೊರೊನಾ. ಮದುವೆ ಇಲ್ಲ, ಪ್ರವಾಸ ಇಲ್ಲ, 2020ರ ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. 2020-21ರಲ್ಲಿ ನಿಕಾನ್‌ನ ಒಟ್ಟು ವಹಿವಾಟು 45,120 ಕೋಟಿ ಯೆನ್. ಕಾರ್ಯಾಚರಣೆಯ ನಷ್ಟ 5,620 ಕೋಟಿ. ನಿವ್ವಳ ನಷ್ಟ 3,450 ಕೋಟಿ. ಕ್ಯಾಮೆರಾ ವಿಭಾಗವೊಂದರಲ್ಲೇ ಶುರುವಿನಲ್ಲಿ ಹೇಳಿದ 3,570 ಕೋಟಿ ನಷ್ಟ.

ಈ ಅಂಕಿಗಳನ್ನು ನೋಡಿ ಕಂಪನಿಯ ಖಜಾನೆಯಿಂದ ಅಷ್ಟೂ ಹಣ ಹೊರಗೆ ಹರಿದುಹೋಯಿತು ಎಂದು ಭಾವಿಸಿದವರೇ ಹೆಚ್ಚು. ಇಲ್ಲಿ ನಿಂತು ನೋಡಬೇಕು, ಏಕೆಂದರೆ ಈ ನಷ್ಟದ ಗಣನೀಯ ಪಾಲು ಆ ವರ್ಷ ಕೈಬಿಟ್ಟ ದುಡ್ಡಲ್ಲ.

ತುಮಕೂರಿನ ಸ್ಟುಡಿಯೊಗೆ ಮರಳೋಣ. ಅವರು 3 ಲಕ್ಷ ಕೊಟ್ಟು ಒಂದು ಕ್ಯಾಮೆರಾ ತಂದರು. ಐದು ವರ್ಷ ಬಾಳುತ್ತದೆ ಎಂದು ಎಣಿಸಿ, ಪ್ರತಿ ವರ್ಷ 60 ಸಾವಿರದಂತೆ ಸವಕಳಿ ಬರೆಯುತ್ತಾ ಹೋದರು. ಎರಡು ವರ್ಷ ಕಳೆದಾಗ ಪುಸ್ತಕದಲ್ಲಿ ಕ್ಯಾಮೆರಾದ ಬೆಲೆ 1 ಲಕ್ಷ 80 ಸಾವಿರ. ಅಷ್ಟರಲ್ಲಿ ಗಿರಾಕಿಗಳೆಲ್ಲ ಬೇರೆ ತರದ ವಿಡಿಯೊ ಕೇಳತೊಡಗಿದರು, ಈ ಕ್ಯಾಮೆರಾದಿಂದ ಅದಾಗದು. ಇನ್ನು ಅದು ದುಡಿದುಕೊಡುವುದು ಹೆಚ್ಚೆಂದರೆ 50 ಸಾವಿರ. ಪ್ರಾಮಾಣಿಕ ಲೆಕ್ಕಿಗ ಏನು ಮಾಡಬೇಕು? ಉಳಿದ 1 ಲಕ್ಷ 30 ಸಾವಿರವನ್ನು ಈ ವರ್ಷವೇ ನಷ್ಟವೆಂದು ಬರೆಯಬೇಕು. ದುಡ್ಡು ಹೋದದ್ದು ಎರಡು ವರ್ಷ ಹಿಂದೆ. ನಷ್ಟ ಕಾಣುವುದು ಇವತ್ತು. ಇದಕ್ಕೆ ಆಸ್ತಿಯ ಮೌಲ್ಯ ಇಳಿಕೆ ಎನ್ನುತ್ತಾರೆ. ನಿಕಾನ್ ಆ ವರ್ಷ ಮಾಡಿದ್ದು ಇದನ್ನೇ: ಕ್ಯಾಮೆರಾ ತಯಾರಿಕೆಯ ಯಂತ್ರ, ಅಚ್ಚು, ಉಪಕರಣಗಳಿಂದ ಮುಂದೆ ಬರಬಹುದಾದ ಗಳಿಕೆ ಪುಸ್ತಕದ ಬೆಲೆಗಿಂತ ಕಡಿಮೆ ಎಂದು ಒಪ್ಪಿಕೊಂಡು ಬರೆದುಹಾಕಿತು. ಮಾರಾಟವಾಗದೆ ಗೋದಾಮಿನಲ್ಲಿದ್ದ ದಾಸ್ತಾನಿನ ಬೆಲೆಯನ್ನೂ ಇಳಿಸಿತು.

ಇನ್ನೊಂದು ಸೂಕ್ಷ್ಮವಿದೆ. ಜಪಾನಿನ ಹಳೆಯ ಲೆಕ್ಕಪತ್ರ ಪದ್ಧತಿಯಲ್ಲಿ ಇಂಥ ನಷ್ಟವನ್ನು ಕಾರ್ಯಾಚರಣೆಯ ಲಾಭದ ಸಾಲಿನ ಕೆಳಗೆ, ವಿಶೇಷ ನಷ್ಟ ಎಂಬ ಬೇರೆ ಸಾಲಿನಲ್ಲಿ ತೋರಿಸುತ್ತಾರೆ. ನಿಕಾನ್ 2016-17ರ ಲೆಕ್ಕದಿಂದ ಅಂತರರಾಷ್ಟ್ರೀಯ ಪದ್ಧತಿಗೆ ಹೊರಳಿತ್ತು. ಅದರಲ್ಲಿ ಇದು ಕಾರ್ಯಾಚರಣೆಯ ಲಾಭದ ಒಳಗೇ ಬಂದು ಬೀಳುತ್ತದೆ. ಹಾಗಾಗಿ ಅದೇ ಘಟನೆ ಹೊಸ ಪದ್ಧತಿಯಲ್ಲಿ ಹೆಚ್ಚು ಭೀಕರವಾಗಿ ಕಂಡಿತು. 2012-13ರ ಲಾಭವನ್ನೂ ಈಚಿನ ವರ್ಷಗಳ ಲಾಭವನ್ನೂ ಪಕ್ಕಪಕ್ಕ ಇಡುವಾಗ ಅಳತೆಗೋಲು ಒಂದೇ ಅಲ್ಲ ಎಂಬುದೂ ನೆನಪಿರಲಿ. ದಿಕ್ಕು ತಿಳಿಯಲು ಆ ಹೋಲಿಕೆ ಸಾಕು, ಕೊನೆಯ ಅಂಕಿಯವರೆಗೆ ಎಳೆಯಬಾರದು.

ಮೌಲ್ಯ ಇಳಿಕೆಯ ಇನ್ನೊಂದು ಮುಖವನ್ನು ಬಹಳ ಜನ ಗಮನಿಸುವುದಿಲ್ಲ. ಸ್ಟುಡಿಯೊದ ಕ್ಯಾಮೆರಾ ಈಗ ಪುಸ್ತಕದಲ್ಲಿ 50 ಸಾವಿರದ್ದು. ಅದನ್ನು ಉಳಿದ ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 17 ಸಾವಿರ ಸವಕಳಿ. ಮೊದಲು 60 ಸಾವಿರ ಇತ್ತು. ಕೆಲಸ ಅಷ್ಟೇ, ಗಿರಾಕಿಗಳು ಅಷ್ಟೇ, ಆದರೆ ಮುಂದಿನ ಪ್ರತಿ ವರ್ಷದ ಲಾಭ 43 ಸಾವಿರ ಹೆಚ್ಚಾಗಿ ಕಾಣುತ್ತದೆ. ನಿಕಾನ್‌ನ ಮುಂದಿನ ವರ್ಷಗಳ ಚೇತರಿಕೆಯಲ್ಲೂ ಇದರ ಪಾಲು ಇದ್ದೇ ಇದೆ. ಚೇತರಿಕೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ಬಹುಪಾಲು ನಿಜವಾದದ್ದೇ. ಆದರೆ ದೊಡ್ಡ ನಷ್ಟ ಬರೆದ ಮರುವರ್ಷ ಯಾವ ಕಂಪನಿ ಲಾಭಕ್ಕೆ ಮರಳಿದರೂ, ಎಷ್ಟು ಪಾಲು ದುಡಿಮೆಯದು, ಎಷ್ಟು ಪಾಲು ಹಗುರಾದ ಸವಕಳಿಯದು ಎಂದು ಕೇಳಬೇಕು.

ದುಡಿಮೆಯ ಪಾಲಿಗೆ ಬರೋಣ. ಆ ಕೆಟ್ಟ ವರ್ಷದ ನಡುವೆ ನಿಕಾನ್ ತನ್ನ ಕ್ಯಾಮೆರಾ ವಿಭಾಗಕ್ಕೆ ಹಾಕಿಕೊಂಡ ಗುರಿ ಹೀಗಿತ್ತು: ವಹಿವಾಟು 15,000 ಕೋಟಿ ಯೆನ್‌ಗೆ ಇಳಿದರೂ ಲಾಭ ಉಳಿಯುವಂತೆ ಮನೆ ಕಟ್ಟಬೇಕು. ಮುನ್ನೂರು ದೋಸೆಗೆ ಅಸಲು ಹುಟ್ಟುತ್ತಿದ್ದ ಹೋಟೆಲ್ ನೂರು ದೋಸೆಗೇ ಅಸಲು ಹುಟ್ಟುವಂತೆ ಚಿಕ್ಕದಾಗಬೇಕು. ಜಪಾನಿನ ಹೊರಗೆ ಸುಮಾರು 2,000 ಉದ್ಯೋಗ ಕಡಿತದ ಯೋಜನೆ ಬಂತು. ಜಪಾನಿನ ಸೆಂಡಾಯ್ ನಿಕಾನ್ ಕಾರ್ಖಾನೆಯಲ್ಲಿ ನಡೆಯುತ್ತಿದ್ದ ಕ್ಯಾಮೆರಾ ಬಾಡಿಗಳ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಜೋಡಣೆ ಥಾಯ್ಲೆಂಡ್‌ನ ಆಯುತ್ತಾಯಕ್ಕೆ ಹೋಯಿತು. 2011ರ ಮಹಾ ಪ್ರವಾಹದಲ್ಲಿ ಮುಳುಗಿ ಎದ್ದ ಅದೇ ಕಾರ್ಖಾನೆಗೆ. ಜಪಾನಿನಲ್ಲೇ ತಯಾರಾದ ನಿಕಾನ್ ಎಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರಿಗೆ ಇದು ನೋವಿನ ಸುದ್ದಿ. ಲೆಕ್ಕದ ಪುಸ್ತಕದ ಪ್ರತಿ ಕಡಿತದ ಹಿಂದೆ ಕೆಲಸ ಕಳೆದುಕೊಂಡವರ ಮನೆಗಳಿವೆ. ಖರ್ಚು ಇಳಿಯಿತು ಎಂದು ಒಂದು ಸಾಲಿನಲ್ಲಿ ದಾಟಿಬಿಡಲು ನನಗೆ ಮನಸ್ಸು ಬರುವುದಿಲ್ಲ.

ಖರ್ಚು ಇಳಿಸಿದ್ದು ಅರ್ಧ ಕೆಲಸ. ಇನ್ನರ್ಧ, ಏನನ್ನು ಮಾರಬೇಕು ಎಂಬ ಆಯ್ಕೆ. 2018ರ ಆಗಸ್ಟ್‌ನಲ್ಲಿ ನಿಕಾನ್ ಝಡ್7, ಝಡ್6 ಎಂಬ ಮಿರರ್‌ಲೆಸ್ ಕ್ಯಾಮೆರಾಗಳನ್ನು ಪ್ರಕಟಿಸಿತ್ತು. ಡಿಎಸ್‌ಎಲ್‌ಆರ್‌ನಲ್ಲಿ ಬೆಳಕನ್ನು ಕಣ್ಣಿಗೆ ತಿರುಗಿಸುವ ಕನ್ನಡಿಯೊಂದು ಇರುತ್ತದೆ, ಮಿರರ್‌ಲೆಸ್‌ನಲ್ಲಿ ಅದಿಲ್ಲ. ಕನ್ನಡಿ ಹೋದ ಮೇಲೆ ಲೆನ್ಸನ್ನು ಚಿತ್ರ ಹಿಡಿಯುವ ಸೆನ್ಸರ್‌ಗೆ ಹತ್ತಿರ ತರಬಹುದು. ಲೆನ್ಸ್ ಕೂರುವ ಬಳೆಗೆ ಮೌಂಟ್ ಎನ್ನುತ್ತಾರೆ; 1959ರಿಂದ ನಡೆದುಬಂದ ಎಫ್ ಮೌಂಟ್‌ನಲ್ಲಿ ಈ ಅಂತರ 46.5 ಮಿಲಿಮೀಟರ್. ಹೊಸ ಝಡ್ ಮೌಂಟ್‌ನಲ್ಲಿ 16 ಮಿಲಿಮೀಟರ್, ಬಾಯಿಯೂ ಅಗಲ, 55 ಮಿಲಿಮೀಟರ್. ಲೆನ್ಸ್ ರೂಪಿಸುವವರಿಗೆ ಇದು ದೊಡ್ಡ ಸ್ವಾತಂತ್ರ್ಯ. ಲೆಕ್ಕದ ಪುಸ್ತಕಕ್ಕೂ ಅಷ್ಟೇ ದೊಡ್ಡದು. ಅರವತ್ತು ವರ್ಷಗಳ ಹಳೆಯ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಕೂರುತ್ತವೆ, ಆದರೆ ಹೊಸ ಬಾಡಿಯ ಪೂರ್ತಿ ಶಕ್ತಿ ಬೇಕೆಂದರೆ ಹೊಸ ಲೆನ್ಸ್ ಬೇಕು. ಬಾಡಿಯನ್ನು ಒಬ್ಬ ಛಾಯಾಗ್ರಾಹಕ ನಾಲ್ಕೈದು ವರ್ಷಕ್ಕೊಮ್ಮೆ ಕೊಳ್ಳುತ್ತಾನೆ, ಲೆನ್ಸುಗಳನ್ನು ಒಂದಾದ ಮೇಲೊಂದರಂತೆ ಕೂಡಿಸುತ್ತಾ ಹೋಗುತ್ತಾನೆ. ಕಬಿನಿಯಲ್ಲಿ ಚಿರತೆಗೆ ಕಾದು ಕೂರುವವರ ಚೀಲ ತೂಗಿ ನೋಡಿ, ತೂಕವೂ ಬೆಲೆಯೂ ಎಲ್ಲಿದೆ ಎಂದು ತಿಳಿಯುತ್ತದೆ. ಲೆನ್ಸ್‌ನ ತಂತ್ರಜ್ಞಾನ ಬಾಡಿಯಷ್ಟು ಬೇಗ ಹಳತಾಗದ ಕಾರಣ ಬೆಲೆಯನ್ನು ಇಳಿಸುವ ಒತ್ತಡವೂ ಕಡಿಮೆ. ನಿಕಾನ್‌ಗೆ ಗಾಜು ಕರಗಿಸುವುದರಿಂದ ಹಿಡಿದು ಮನೆಯೊಳಗೇ ಮಾಡಬಲ್ಲ ಶಕ್ತಿಯಿದೆ. ಅಕಿತಾದಲ್ಲಿರುವ ಹಿಕಾರಿ ಗ್ಲಾಸ್ ಅದರದೇ ಅಂಗಸಂಸ್ಥೆ.

2021ರ ಅಕ್ಟೋಬರ್‌ನಲ್ಲಿ ಝಡ್9 ಬಂತು. ಯಾಂತ್ರಿಕ ಷಟರ್ ಕೂಡ ಇಲ್ಲದ, ವೃತ್ತಿಪರರಿಗೆಂದೇ ಮಾಡಿದ ಕ್ಯಾಮೆರಾ. ಅದೇ ಜಾಡಿನಲ್ಲಿ 2023ರಲ್ಲಿ ಝಡ್8, ಹಳೆಯ ಫಿಲ್ಮ್ ಕ್ಯಾಮೆರಾದ ಚೆಲುವಿನ ಝಡ್ಎಫ್. ಅಗ್ಗದ ಮಾಲು ತಗ್ಗಿತು, ಬೆಲೆಬಾಳುವ ಮಾಲು ಹೆಚ್ಚಿತು.

ಈಗ ಅಂಕಿಗಳನ್ನು ಪಕ್ಕಪಕ್ಕ ಇಡೋಣ. 2020-21ರಲ್ಲಿ ಲೆನ್ಸ್ ಬದಲಿಸಬಲ್ಲ ಕ್ಯಾಮೆರಾಗಳು ಸುಮಾರು 8 ಲಕ್ಷ 40 ಸಾವಿರ, ಕ್ಯಾಮೆರಾ ವಿಭಾಗದ ವಹಿವಾಟು 15,020 ಕೋಟಿ ಯೆನ್. 2023-24ರಲ್ಲಿ ಕ್ಯಾಮೆರಾಗಳು ಸುಮಾರು 8 ಲಕ್ಷ, ವಹಿವಾಟು 27,970 ಕೋಟಿ ಯೆನ್. ವಹಿವಾಟನ್ನು ಬಾಡಿಗಳ ಸಂಖ್ಯೆಯಿಂದ ಭಾಗಿಸಿದರೆ ಮೊದಲನೆಯ ವರ್ಷ ತಲಾ 1 ಲಕ್ಷ 79 ಸಾವಿರ ಯೆನ್, ಎರಡನೆಯದರಲ್ಲಿ ಸುಮಾರು 3 ಲಕ್ಷ 50 ಸಾವಿರ. ಇದು ಒರಟು ಭಾಗಾಕಾರ, ಲೆನ್ಸ್, ಕಾಂಪ್ಯಾಕ್ಟ್ ಎಲ್ಲ ಅದರೊಳಗೇ ಸೇರಿವೆ. ಆದರೂ ಒಬ್ಬ ಗಿರಾಕಿಯಿಂದ ಬರುವ ಹಣ ಇಮ್ಮಡಿಯಾಯಿತು ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. 2012-13ರಲ್ಲಿ ನೂರು ಯೆನ್‌ಗೆ ಎಂಟು ಯೆನ್ ಲಾಭವಿದ್ದದ್ದು 2023-24ರಲ್ಲಿ ಹದಿನಾರೂವರೆ ದಾಟಿತು. ಎರಡು ಕೋಟಿಗೂ ಹೆಚ್ಚು ಕ್ಯಾಮೆರಾ ಮಾರಿ 6,070 ಕೋಟಿ ಗಳಿಸಿದ್ದ ವಿಭಾಗ, ಎಂಟು ಲಕ್ಷ ಮಾರಿ 4,650 ಕೋಟಿ ಗಳಿಸಿತು.

ಇದಿಷ್ಟನ್ನೂ ನಿಕಾನ್‌ನ ಜಾಣತನದ ಖಾತೆಗೇ ಬರೆಯುವ ಹಾಗಿಲ್ಲ. ಯೆನ್ ಕೈಹಿಡಿಯಿತು. 2020-21ರಲ್ಲಿ ಒಂದು ಡಾಲರ್‌ಗೆ ಸರಾಸರಿ 106 ಯೆನ್ ಸಿಗುತ್ತಿತ್ತು, 2023-24ರಲ್ಲಿ 145ರ ಹತ್ತಿರ. ಅಮೆರಿಕದಲ್ಲಿ 1,000 ಡಾಲರ್‌ಗೆ ಮಾರಿದ ಲೆನ್ಸ್ ಮೊದಲು 1 ಲಕ್ಷ 6 ಸಾವಿರ ಯೆನ್ ತರುತ್ತಿತ್ತು, ಆಮೇಲೆ ಬೆಲೆ ಬದಲಿಸದೆಯೇ 1 ಲಕ್ಷ 45 ಸಾವಿರ. ನೂರಕ್ಕೆ ಮೂವತ್ತೇಳು ಹೆಚ್ಚು, ಬೆವರು ಸುರಿಸದೆ. ಕ್ಯಾಮೆರಾ ವಿಭಾಗದ ವಹಿವಾಟು ಈ ಅವಧಿಯಲ್ಲಿ ನೂರಕ್ಕೆ ಎಂಬತ್ತಾರು ಏರಿತು, ಅದರಲ್ಲಿ ಯೆನ್ ಇಳಿದದ್ದರ ಕೊಡುಗೆ ಸಣ್ಣದಲ್ಲ. ನಿಕಾನ್ ಮಾರುವುದು ಹೆಚ್ಚಾಗಿ ಜಪಾನಿನ ಹೊರಗೆ. ಜೋಡಣೆ ಥಾಯ್ಲೆಂಡ್‌ನಲ್ಲಿ ಆಗುವುದರಿಂದ ಖರ್ಚಿನ ಒಂದು ಭಾಗವೂ ವಿದೇಶಿ ಹಣದಲ್ಲೇ ಏರುತ್ತದೆ, ಹಾಗಾಗಿ ಪೂರ್ತಿ ಲಾಭವಾಗಿ ಉಳಿಯುವುದಿಲ್ಲ. ಯೆನ್ ಮತ್ತೆ ಬಲವಾದ ವರ್ಷ ಇದೇ ಲೆಕ್ಕ ತಿರುಗಿ ಹೊಡೆಯುತ್ತದೆ. ಆದ್ದರಿಂದಲೇ ಜಪಾನಿನ ಕಂಪನಿಗಳು ಮುಂದಿನ ವರ್ಷದ ಅಂದಾಜು ಹೇಳುವಾಗ ಡಾಲರ್ ಮತ್ತು ಯೂರೊ ಎಷ್ಟಿರುತ್ತದೆಂದು ಭಾವಿಸಿದ್ದೇವೆ ಎಂಬುದನ್ನೂ ಜೊತೆಗೇ ಹೇಳುತ್ತವೆ. ಆ ಸಾಲನ್ನು ನಾನು ಲಾಭದ ಸಾಲಿಗಿಂತ ಮೊದಲು ಓದುತ್ತೇನೆ.

ಈಗ ಮನೆಯ ಉಳಿದ ಮಕ್ಕಳ ವಿಷಯ. ನಿಕಾನ್ ಎಂದರೆ ಕ್ಯಾಮೆರಾ ಎಂದು ನಾವು ತಿಳಿದಿದ್ದರೂ 2023-24ರ ವಹಿವಾಟಿನಲ್ಲಿ ಕ್ಯಾಮೆರಾದ ಪಾಲು ನೂರಕ್ಕೆ ಮೂವತ್ತೊಂಬತ್ತು ಮಾತ್ರ. ಎರಡನೆಯ ದೊಡ್ಡ ವಿಭಾಗ ನಿಖರ ಯಂತ್ರಗಳದ್ದು, ಆ ವರ್ಷ 21,930 ಕೋಟಿ ಯೆನ್. ಚಿಪ್‌ಗಳ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳುವಾದ ಗೆರೆಗಳನ್ನು ಬೆಳಕಿನಿಂದ ಮೂಡಿಸುವ ಲಿಥೊಗ್ರಫಿ ಯಂತ್ರಗಳು ಇಲ್ಲಿ ತಯಾರಾಗುತ್ತವೆ. ಫೋಟೊ ತೊಳೆಯುವ ಕತ್ತಲೆ ಕೋಣೆಯಲ್ಲಿ ನೆಗೆಟಿವ್‌ನಿಂದ ಕಾಗದಕ್ಕೆ ಚಿತ್ರ ಇಳಿಸುತ್ತಿದ್ದ ಎನ್‌ಲಾರ್ಜರ್ ನೆನಪಿದೆಯೆ? ತತ್ವ ಅದೇ, ಇಲ್ಲಿ ಚಿತ್ರವನ್ನು ಹಿಗ್ಗಿಸುವ ಬದಲು ಕುಗ್ಗಿಸಿ ಸಿಲಿಕಾನ್ ಬಿಲ್ಲೆಯ ಮೇಲೆ ಇಳಿಸುತ್ತಾರೆ. ಲೆನ್ಸ್ ಬಲ್ಲವರು ಚಿಪ್ ಯಂತ್ರಕ್ಕೆ ಕೈಹಾಕಿದ್ದು ಸಹಜವಾಗಿತ್ತು. 1980ರಲ್ಲಿ ನಿಕಾನ್ ಸ್ಟೆಪರ್ ಎಂಬ ಹೆಸರಿನ ಇಂಥ ತನ್ನ ಮೊದಲ ಯಂತ್ರ ಹೊರತಂದಿತು. ಮುಂದಿನ ಒಂದೂವರೆ ದಶಕ ಈ ಕ್ಷೇತ್ರದಲ್ಲಿ ನಿಕಾನ್, ಕ್ಯಾನನ್ ಹೆಸರೇ ಹೆಸರು.

ಆಮೇಲೆ ನೆದರ್ಲೆಂಡ್ಸ್‌ನ ಚಿಪ್ ಯಂತ್ರ ತಯಾರಕ ಎಎಸ್‌ಎಂಎಲ್ ಮುಂದೆ ಹೋಯಿತು. ಲೆನ್ಸ್‌ಗೆ ಅದು ಜರ್ಮನಿಯ ಮಸೂರ ಕಂಪನಿ ಕಾರ್ಲ್ ಜೈಸ್‌ನ ಕೈಹಿಡಿದಿತ್ತು. ಅತಿ ನೇರಳೆಯ ಕೊನೆಯ ಅಂಚಿನ ಬೆಳಕು ಬಳಸುವ ಇಯುವಿ ಯಂತ್ರ ಇವತ್ತು ಜಗತ್ತಿನಲ್ಲಿ ಮಾರುವುದು ಎಎಸ್‌ಎಂಎಲ್ ಒಂದೇ. ನಿಕಾನ್ ಆ ಓಟದಿಂದ ಹಿಂದೆ ಸರಿಯಿತು. ಪೇಟೆಂಟ್ ಜಗಳ ಮಾತ್ರ ವರ್ಷಗಟ್ಟಲೆ ನಡೆದು, 2019ರಲ್ಲಿ ಎಎಸ್‌ಎಂಎಲ್ ಮತ್ತು ಜೈಸ್ ಸೇರಿ ನಿಕಾನ್‌ಗೆ 15 ಕೋಟಿ ಯೂರೊ ಕೊಡುವ ರಾಜಿಯಾಯಿತು. ವರ್ಷದ ಲೆಕ್ಕ ಓದುವವರು ಎಚ್ಚರವಿರಬೇಕಾದದ್ದು ಇಂಥ ಕಡೆ. ಅಂಥ ಹಣ ಒಂದು ಸಲ ಬರುತ್ತದೆ, ಮರುವರ್ಷ ಬರುವುದಿಲ್ಲ. ಅದನ್ನು ತೆಗೆದು ನೋಡಿದರೆ ಮಾತ್ರ ಕಸುಬಿನ ನಿಜವಾದ ಆರೋಗ್ಯ ಕಾಣುತ್ತದೆ.

ಈ ವಿಭಾಗದ ಇನ್ನೊಂದು ಕೈ ಟಿವಿ, ಮೊಬೈಲ್‌ಗಳ ಪರದೆ ಮಾಡುವ ಯಂತ್ರ. 2.94 ಮೀಟರ್ ಅಗಲ, 3.37 ಮೀಟರ್ ಉದ್ದದ ಗಾಜಿನ ಹಾಳೆಯ ಮೇಲೆ ಗೆರೆ ತಪ್ಪದಂತೆ ಮಾದರಿ ಮೂಡಿಸುವ ದೈತ್ಯ ಯಂತ್ರಗಳೂ ಇದರಲ್ಲಿ ಸೇರಿವೆ. ಇವು ಕ್ಯಾಮೆರಾದ ಹಾಗೆ ಲಕ್ಷಗಟ್ಟಲೆ ಹೋಗುವ ಮಾಲಲ್ಲ. ವರ್ಷಕ್ಕೆ ಬೆರಳೆಣಿಕೆಯಿಂದ ಹತ್ತಾರರವರೆಗೆ, ಅದೂ ಪೂರ್ವ ಏಷ್ಯಾದ ಕೆಲವೇ ಪರದೆ ತಯಾರಕರಿಗೆ. ಯಂತ್ರವನ್ನು ಬಿಡಿಬಿಡಿಯಾಗಿ ಸಾಗಿಸಿ, ಗಿರಾಕಿಯ ಕಾರ್ಖಾನೆಯಲ್ಲಿ ಜೋಡಿಸಿ, ನಡೆಸಿ ತೋರಿಸಬೇಕು. ಗಿರಾಕಿಯ ಕಟ್ಟಡ ಸಿದ್ಧವಾಗದೆ ಮಾರ್ಚ್‌ನಲ್ಲಿ ಆಗಬೇಕಾದ ಅಳವಡಿಕೆ ಏಪ್ರಿಲ್‌ಗೆ ಹೋಯಿತೆನ್ನಿ, ಒಂದು ವರ್ಷದ ಲೆಕ್ಕ ತೆಳ್ಳಗಾಗಿ ಮುಂದಿನದು ದಪ್ಪವಾಗುತ್ತದೆ. ಕಸುಬಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಈ ವಿಭಾಗದ ಲಾಭ 2019-20ರಲ್ಲಿ 4,670 ಕೋಟಿ ಯೆನ್ ಇದ್ದದ್ದು 2023-24ರಲ್ಲಿ 1,510 ಕೋಟಿ. ಕ್ಯಾಮೆರಾ ನಷ್ಟದಲ್ಲಿದ್ದಾಗ ಮನೆ ಹೊತ್ತದ್ದು ಈ ಮಗ, ಇವನು ಬಡವಾದಾಗ ಹೊತ್ತದ್ದು ಕ್ಯಾಮೆರಾ. 2020-21ರಲ್ಲಿ ಇಬ್ಬರಿಗೂ ಒಟ್ಟಿಗೆ ಬಿದ್ದದ್ದರಿಂದಲೇ ಆ ವರ್ಷ ಅಷ್ಟು ಕಠಿಣವಾಯಿತು.

ಸೂಕ್ಷ್ಮದರ್ಶಕಗಳೂ ಕಣ್ಣಿನ ಹಿಂಭಾಗದ ರೆಟಿನಾ ನೋಡುವ ಉಪಕರಣಗಳೂ ಸೇರಿದ ಆರೋಗ್ಯ ವಿಭಾಗ ಸದ್ದಿಲ್ಲದೆ ನಡೆಯುತ್ತಿದೆ. ಸ್ಕಾಟ್ಲೆಂಡ್‌ನ ಆಪ್ಟಾಸ್ ಕಂಪನಿಯನ್ನು ನಿಕಾನ್ 2015ರಲ್ಲಿ ಕೊಂಡದ್ದು ಇದಕ್ಕಾಗಿಯೇ. ಬಿಡಿಭಾಗಗಳ ವಿಭಾಗವೂ ಗಳಿಸುತ್ತದೆ. ಹಣ ನುಂಗುತ್ತಿರುವುದು ಐದನೆಯ ವಿಭಾಗ, ಲೋಹದ ಪುಡಿಯನ್ನು ಲೇಸರ್‌ನಿಂದ ಕರಗಿಸಿ ಪದರ ಪದರವಾಗಿ ವಸ್ತು ಕಟ್ಟುವ ತ್ರೀಡಿ ಮುದ್ರಣ. ಇದಕ್ಕಾಗಿ ನಿಕಾನ್ ಜರ್ಮನಿಯ ಲ್ಯೂಬೆಕ್‌ನಲ್ಲಿರುವ ಎಸ್‌ಎಲ್‌ಎಂ ಸೊಲ್ಯೂಷನ್ಸ್ ಕಂಪನಿಗೆ 62.2 ಕೋಟಿ ಯೂರೊ ಬೆಲೆ ಕಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಈ ಖರೀದಿ 2023ರ ಜನವರಿಗೆ ಕೈಗೂಡಿತು. ವಿಮಾನ, ರಾಕೆಟ್‌ಗಳ ಬಿಡಿಭಾಗಗಳಿಗೆ ಮುಂದೆ ದೊಡ್ಡ ಬೇಡಿಕೆ ಬರುತ್ತದೆ ಎಂಬುದು ಅವರ ನಂಬಿಕೆ.

ಕೊಂಡ ಕಂಪನಿಯ ಬೆಲೆ ಪುಸ್ತಕದಲ್ಲಿ ಹೇಗೆ ಕೂರುತ್ತದೆ? ನಮ್ಮ ಸ್ಟುಡಿಯೊದವರು ಪಕ್ಕದ ಸ್ಟುಡಿಯೊವನ್ನು 10 ಲಕ್ಷಕ್ಕೆ ಕೊಂಡರು. ಅಲ್ಲಿನ ಕ್ಯಾಮೆರಾ, ಲೈಟು, ಕಂಪ್ಯೂಟರ್ ಎಲ್ಲ ಸೇರಿ 4 ಲಕ್ಷ ಬಾಳುತ್ತವೆ. ಉಳಿದ 6 ಲಕ್ಷ ಆ ಹೆಸರಿಗೆ, ಕಾಯಂ ಗಿರಾಕಿಗಳಿಗೆ, ಮುಂದೆ ಬರಬಹುದಾದ ಕೆಲಸಕ್ಕೆ ಕೊಟ್ಟದ್ದು. ಇದನ್ನು ಗುಡ್‌ವಿಲ್ ಎಂಬ ಆಸ್ತಿಯಾಗಿ ಬರೆಯುತ್ತಾರೆ. ಜಪಾನಿನ ಪದ್ಧತಿಯಲ್ಲಿ ಅದನ್ನು ವರ್ಷವರ್ಷ ಸ್ವಲ್ಪ ಸ್ವಲ್ಪ ಕರಗಿಸುತ್ತಾರೆ. ನಿಕಾನ್ ಪಾಲಿಸುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಾಗೆ ಕರಗಿಸುವುದಿಲ್ಲ. ನಿರೀಕ್ಷೆ ಉಳಿದಿರುವಷ್ಟು ಕಾಲ ಅದು ಹಾಗೇ ಇರುತ್ತದೆ, ನಿರೀಕ್ಷೆ ಕುಸಿದ ದಿನ ಒಂದೇ ಏಟಿಗೆ ನಷ್ಟವಾಗಿ ಬೀಳುತ್ತದೆ. ಲಾಭದ ಪಟ್ಟಿ ವರ್ಷಗಟ್ಟಲೆ ಚೆನ್ನಾಗಿ ಕಂಡು ಥಟ್ಟನೆ ಕುಸಿಯುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ.

2024-25ರ ಲೆಕ್ಕ ನೋಡಿ. ವಹಿವಾಟು 71,530 ಕೋಟಿ ಯೆನ್, ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಇಲ್ಲ. ಕಾರ್ಯಾಚರಣೆಯ ಲಾಭ ಮಾತ್ರ 3,980 ಕೋಟಿಯಿಂದ 240 ಕೋಟಿಗೆ ಇಳಿಯಿತು. ಕ್ಯಾಮೆರಾ ವಿಭಾಗ ಚೆನ್ನಾಗಿಯೇ ದುಡಿಯಿತು, ಅದರ ವಹಿವಾಟು ಇನ್ನಷ್ಟು ಏರಿತು. ನಿಖರ ಯಂತ್ರಗಳ ವಿಭಾಗ ಸೊರಗಿತು, ತ್ರೀಡಿ ಮುದ್ರಣ ನಷ್ಟದಲ್ಲೇ ಇತ್ತು, ಆಸ್ತಿ ಮೌಲ್ಯ ಇಳಿಕೆ ಮತ್ತು ಪುನರ್ರಚನೆಯಂಥ ಒಂದು ಸಲದ ಖರ್ಚುಗಳು ಬಿದ್ದವು. ಅದೇ ವರ್ಷ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಟೋಕಿಯೊದ ನಿಶಿ ಓಯಿಯಲ್ಲಿ ಕಟ್ಟಿದ ಹೊಸ ಕಟ್ಟಡಕ್ಕೆ ಒಯ್ದಿತು. ನೂರು ವರ್ಷ ಹಿಂದೆ ಮಸೂರ ಉಜ್ಜುತ್ತಿದ್ದ ಹಳೆಯ ಓಯಿ ಕಾರ್ಖಾನೆಯ ನೆಲ ಅದು. ನಿವ್ವಳ ಲಾಭ 610 ಕೋಟಿ ಯೆನ್, ಕಾರ್ಯಾಚರಣೆಯ ಲಾಭಕ್ಕಿಂತ ಹೆಚ್ಚು. ಮೊದಲ ನೋಟಕ್ಕೆ ಇದು ತಪ್ಪು ಮುದ್ರಣದಂತೆ ಕಾಣಬಹುದು. ಹೂಡಿಕೆಗಳಿಂದ ಬಂದ ಆದಾಯ, ತೆರಿಗೆ ಲೆಕ್ಕದ ಹೊಂದಾಣಿಕೆಗಳು ಸೇರಿದಾಗ ಹೀಗಾಗುವುದುಂಟು. 2020-21ರಲ್ಲಿ ನಿವ್ವಳ ನಷ್ಟ ಕಾರ್ಯಾಚರಣೆಯ ನಷ್ಟಕ್ಕಿಂತ ಚಿಕ್ಕದಾಗಿದ್ದದ್ದೂ ಇದೇ ಬಗೆಯ ಕಾರಣಗಳಿಂದ.

ಈ ಎರಡು ವರ್ಷಗಳನ್ನು, ಅಂದರೆ 2020-21 ಮತ್ತು 2024-25ನ್ನು ಒಂದೇ ಬಗೆಯ ಕೆಟ್ಟ ವರ್ಷಗಳೆಂದು ಎಣಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲನೆಯದರಲ್ಲಿ ಮನೆಯ ಮೂಲ ಕಸುಬೇ ಅಲುಗಾಡಿತ್ತು. ಎರಡನೆಯದರಲ್ಲಿ ಮೂಲ ಕಸುಬು ಗಟ್ಟಿಯಿತ್ತು, ಹೊಸ ಕಸುಬಿನ ಮೇಲೆ ಹೂಡಿದ್ದರ ಭಾರ ಬಿತ್ತು. ಕ್ಯಾಮೆರಾ ಕೊಳ್ಳುವವರಿಗೆ ಈ ವ್ಯತ್ಯಾಸ ಮುಖ್ಯ. ಮುಂದಿನ ಹತ್ತು ವರ್ಷ ಝಡ್ ಮೌಂಟ್‌ಗೆ ಲೆನ್ಸ್, ರಿಪೇರಿ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಸಿಗುತ್ತದೆಯೆ ಎಂಬ ಪ್ರಶ್ನೆಗೆ ಉತ್ತರ ಒಟ್ಟು ಲಾಭದ ಸಾಲಿನಲ್ಲಿಲ್ಲ, ಕ್ಯಾಮೆರಾ ವಿಭಾಗದ ಸಾಲಿನಲ್ಲಿದೆ. 2024ರ ಏಪ್ರಿಲ್‌ನಲ್ಲಿ ಸಿನಿಮಾ ಕ್ಯಾಮೆರಾ ಮಾಡುವ ಅಮೆರಿಕದ ರೆಡ್ ಕಂಪನಿಯನ್ನು ನಿಕಾನ್ ತನ್ನದಾಗಿಸಿಕೊಂಡಿತು. ವಿಡಿಯೊ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ ಎಂದು 2008ರಲ್ಲಿ ಹೆಸರಾದದ್ದು ನನ್ನ ಈ ಡಿ90. ಅದರ ವಂಶ ಇಲ್ಲಿಯವರೆಗೆ ಬಂದದ್ದು ನೋಡಿದರೆ ಖುಷಿಯಾಗುತ್ತದೆ.

ಪ್ರತಿ ವರ್ಷ ಮೇ ತಿಂಗಳ ಮೊದಲ ವಾರಗಳಲ್ಲಿ ನಿಕಾನ್ ಹೊಸ ಲೆಕ್ಕ ಪ್ರಕಟಿಸುತ್ತದೆ. ನಾನು ನೋಡುವ ಕ್ರಮ ಹೀಗೆ. ಮೊದಲು ಡಾಲರ್ ಎಷ್ಟಿತ್ತು. ಆಮೇಲೆ ಕ್ಯಾಮೆರಾ ಬಾಡಿ ಎಷ್ಟು, ಲೆನ್ಸ್ ಎಷ್ಟು, ಒಂದೊಂದು ಕ್ಯಾಮೆರಾಕ್ಕೆ ಎಷ್ಟು ಲೆನ್ಸ್ ಬೀಳುತ್ತದೆ. 2023-24ರಲ್ಲಿ 8 ಲಕ್ಷ ಕ್ಯಾಮೆರಾ ಬಾಡಿಗಳಿಗೆ ಸುಮಾರು 13 ಲಕ್ಷ ಲೆನ್ಸ್ ಇದ್ದವು, ಅಂದರೆ ಒಂದಕ್ಕೆ ಒಂದೂವರೆಗಿಂತ ಹೆಚ್ಚು. ನಂತರ ದಾಸ್ತಾನು ಏರಿದೆಯೆ ಎಂಬುದು. ಗೋದಾಮು ತುಂಬುತ್ತಿದ್ದರೆ ಕೆಲವು ತಿಂಗಳಲ್ಲಿ ರಿಯಾಯಿತಿ ಮಾರಾಟ ಬರುತ್ತದೆ, ಲಾಭ ತಗ್ಗುತ್ತದೆ. ಆಮೇಲೆ ಒಂದು ಸಲದ ಖರ್ಚು, ಒಂದು ಸಲದ ಗಳಿಕೆಗಳ ಪಟ್ಟಿ. ಇಷ್ಟಾದ ಮೇಲೆ ನಿವ್ವಳ ಲಾಭದ ಸಾಲಿಗೆ ಬಂದರೆ, ಆ ಅಂಕಿ ಏಕೆ ಅಷ್ಟಿದೆ ಎಂಬುದು ಆಗಲೇ ಅರ್ಧ ತಿಳಿದಿರುತ್ತದೆ.